ಎರಡನೇ ಚುಕ್ಕೆಯ ದನಿ

ಪೀಪ್.

ಒಂದೇ ಒಂದು ಸಲ, ಗಿಡ್ಡವಾಗಿ. ಶಟರನ್ನು ಸೊಂಟದೆತ್ತರಕ್ಕೆ ಎತ್ತಿ, ಬಗ್ಗಿ ಒಳಗೆ ಕಾಲಿಡುವಷ್ಟರಲ್ಲಿ ಆ ಸದ್ದು ಕೇಳಿ ರಿಪೇರಿ ಅಕ್ಕನ ಭುಜಗಳು ಸಡಿಲವಾದವು. ತನ್ನಷ್ಟಕ್ಕೆ ತಾನು ಆರಿ ಹೊತ್ತಿಕೊಳ್ಳುತ್ತಿರಲಿ ಎಂದು ಹಿಂದಿನ ಸಂಜೆ ಪರೀಕ್ಷೆಗೆ ಬಿಟ್ಟುಹೋಗಿದ್ದ ಕಂಪ್ಯೂಟರ್ ಅದು. ಒಂದು ಪೀಪ್ ಎಂದರೆ ಎಲ್ಲ ಕ್ಷೇಮ. ಮೂರು ಎಂದರೆ ನೆನಪಿನ ಚಿಪ್ಪು ಕೈಕೊಟ್ಟಿದೆ. ಉದ್ದಕ್ಕೆ ಒಂದು, ಗಿಡ್ಡಕ್ಕೆ ಎರಡು ಎಂದರೆ ಪರದೆಗೆ ಚಿತ್ರ ಕಳಿಸುವ ಕಾರ್ಡು ಹೋಗಿದೆ. ಮೂವತ್ತು ವರ್ಷಗಳಿಂದ ಯಂತ್ರಗಳು ತಮ್ಮ ಕಾಯಿಲೆಯನ್ನು ಅವಳ ಬಳಿ ಹೀಗೆ ಹೇಳಿಕೊಳ್ಳುತ್ತ ಬಂದಿದ್ದವು.

ಅಂಗಡಿ ಎಂಟು ಅಡಿ ಅಗಲ. ಒಂದು ಪಕ್ಕಕ್ಕೆ ದರ್ಜಿ, ಇನ್ನೊಂದು ಪಕ್ಕಕ್ಕೆ ನಕಲಿ ಕೀ ಮಾಡುವವನು. ಅಲ್ಲಿಗೆ ಬರುವ ಮೊದಲು, ಹದಿನೆಂಟರ ವಯಸ್ಸಿನಲ್ಲಿ, ಅವಳು ರೇಡಿಯೊ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ಹೆಂಗಸರ ಸಾಲಿನಲ್ಲಿ ಕೂತು ಸ್ಪೀಕರುಗಳಿಗೆ ಕಾಗದದ ಬಟ್ಟಲು ಅಂಟಿಸುತ್ತಿದ್ದಳು. ಬಟ್ಟಲಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಅದು ಕಾಲ ಬಳಿಯ ಬುಟ್ಟಿಗೆ ಬೀಳಬೇಕಿತ್ತು. "ಹರಿದ ಸ್ಪೀಕರ್ ನಿನ್ನ ಕೈ ದಾಟಿ ಹೋಗಬಾರದು" ಎಂದು ಮೇಸ್ತ್ರಿ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ. ಕಾರ್ಖಾನೆ ಮುಚ್ಚಿತು, ಮೇಸ್ತ್ರಿ ತೀರಿಕೊಂಡ, ಆ ಮಾತು ಮಾತ್ರ ಅವಳ ಬೆರಳುಗಳಲ್ಲಿ ಉಳಿದುಕೊಂಡಿತು. ಆಮೇಲೆ ಟೇಪ್‌ರೆಕಾರ್ಡರು ಬಂತು, ಟೀವಿ ಬಂತು, ಕಂಪ್ಯೂಟರು ಬಂತು. ಬಂದದ್ದನ್ನೆಲ್ಲ ಬಿಚ್ಚಿ ನೋಡಿ ಕಲಿತಳು.

ಆ ಮಂಗಳವಾರ ದರ್ಜಿಯ ಬೆಂಚಿನ ಮೇಲೆ, ಮಡಿಸಿದ ಬಿಳಿ ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಚುಕ್ಕೆ ಅಣ್ಣ ಕೂತಿದ್ದ.

"ಏಳು ನಿಮಿಷ ತಡ," ಎಂದ.

"ಗಡಿಯಾರ ನೋಡಿದ್ಯಾ ಅಣ್ಣಾ?"

"ನೋಡೋ ಕೆಲಸ ನಿಂದು. ದರ್ಜಿ ರೇಡಿಯೊ ವಾರ್ತೆ ಮುಗಿಸಿ ಏಳು ನಿಮಿಷ ಆಯ್ತು, ಅಷ್ಟೇ ನಂಗೊತ್ತು."

ಚುಕ್ಕೆ ಅಣ್ಣ ಹುಟ್ಟುಕುರುಡ. ಎರಡು ಬೀದಿ ಆಚೆಯ ಬ್ರೈಲ್ ಮುದ್ರಣಾಲಯದಲ್ಲಿ ಹದಿನೆಂಟು ವರ್ಷಗಳಿಂದ ಕರಡು ತಿದ್ದುವವನು. ಅಲ್ಲಿ ಪುಸ್ತಕದ ಪುಟವನ್ನು ಮೊದಲು ತಗಡಿನ ಮೇಲೆ ಉಬ್ಬುಚುಕ್ಕೆಗಳಾಗಿ ಒತ್ತಿ, ಆಮೇಲೆ ಕಾಗದಕ್ಕೆ ಇಳಿಸುತ್ತಾರೆ. ತಗಡಿಗೆ ಬಿದ್ದ ತಪ್ಪನ್ನು ತಿದ್ದುವುದೆಂದರೆ ಚಿಕ್ಕ ಸುತ್ತಿಗೆ ಹಿಡಿದು ಚುಕ್ಕೆಗಳನ್ನು ಒಂದೊಂದಾಗಿ ತಟ್ಟಿ ಮಲಗಿಸಬೇಕು. ಹಾಗಾಗಿ ಒತ್ತುವ ಮೊದಲೇ ಅವನು ಪುಟವನ್ನು ಕೇಳಿಸಿಕೊಳ್ಳುತ್ತಿದ್ದ. ಒತ್ತುವ ಯಂತ್ರವನ್ನು ಓಡಿಸುವ ಪ್ರೋಗ್ರಾಂ ಡಾಸ್ ಕಾಲದ್ದು: ಕಪ್ಪು ಪರದೆ, ಬಿಳಿ ಅಕ್ಷರ, ಮೌಸಿಗೆ ಅಲ್ಲಿ ಕೆಲಸವೇ ಇಲ್ಲ. ಬರೆದವನು ಈಗಿಲ್ಲ. ಆ ಪುಣ್ಯಾತ್ಮ ಬ್ರೈಲಿನ ಆರು ಚುಕ್ಕೆಗಳಿಗೆ ಆರು ಸ್ವರ ಕೊಟ್ಟಿದ್ದ. ಒಂದು ಅಕ್ಷರದಲ್ಲಿ ಎದ್ದು ನಿಂತ ಚುಕ್ಕೆಗಳ ಸ್ವರಗಳೆಲ್ಲ ಒಟ್ಟಿಗೆ ಮೊಳಗುತ್ತಿದ್ದವು. 'ಅ' ಒಂಟಿ ಸ್ವರ. 'ಕ' ಎರಡು. 'ಲ' ಮೂರು. ಪುಟವೊಂದು ಅವನ ಕಿವಿಯಲ್ಲಿ ಆರ್ಗನ್ನಿನ ಹಾಗೆ ಹರಿದುಹೋಗುತ್ತಿತ್ತು. ಎಲ್ಲೋ ಒಂದು ಸ್ವರ ಕಡಿಮೆಯಾದರೆ ಅವನ ಕೈ ತಾನಾಗಿ ಮೇಲೇಳುತ್ತಿತ್ತು.

ಹದಿನೆಂಟು ವರ್ಷ ಬಾಳಿದ ಆ ಕಂಪ್ಯೂಟರು ಹಿಂದಿನ ವಾರ ಸುಟ್ಟ ವಾಸನೆ ಬಿಟ್ಟು ಸುಮ್ಮನಾಗಿತ್ತು. ಹೊಸದು ಬಂದಿತ್ತು. ಹೊಸದರಲ್ಲಿ ಹಳೆಯ ಪ್ರೋಗ್ರಾಂ ಓಡಿತು, ತಗಡನ್ನೂ ಒತ್ತಿತು, ಬಾಯಿ ಮಾತ್ರ ಬಿಡಲಿಲ್ಲ.

"ಶುಕ್ರವಾರದ ಗಡುವು," ಎಂದ ಚುಕ್ಕೆ ಅಣ್ಣ. "ಅಷ್ಟರೊಳಗೆ ದನಿ ಬರದಿದ್ರೆ ಕರಡನ್ನ ಪರದೆ ಮೇಲೆ ಕಣ್ಣಿರೋರು ನೋಡ್ತಾರಂತೆ. ನನ್ನನ್ನ ಬೈಂಡಿಂಗಿಗೆ ಹಾಕ್ತಾರಂತೆ. ಪುಸ್ತಕದ ಕಟ್ಟಿಗೆ ದಾರ ಬಿಗಿಯೋದು."

"ಅದೂ ಕೆಲಸಾನೇ ಅಲ್ವಾ ಅಣ್ಣಾ?"

"ಕೆಲಸಾನೇ. ಗಂಟು ಹಾಕೋಕೆ ಕೈ ಸಾಕು. ಈ ಕಿವಿನ ಏನ್ಮಾಡ್ಲಿ, ಮನೇಲಿ ಬಿಟ್ಟು ಬರ್ಲಾ?"

ನಗುತ್ತಲೇ ಹೇಳಿದ. ಆದರೆ ಕೋಲನ್ನು ಬಿಡಿಸುವುದು, ಮಡಿಸುವುದು, ಮತ್ತೆ ಬಿಡಿಸುವುದು ನಡೆದೇ ಇತ್ತು.

ಮಧ್ಯಾಹ್ನದ ಹೊತ್ತಿಗೆ ಹೊಸ ಕಂಪ್ಯೂಟರು, ಸತ್ತ ಹಳೆಯದು, ಅದರ ಸ್ಪೀಕರು, ಮೂರೂ ಅಕ್ಕನ ಮೇಜಿಗೆ ಬಂದವು. ದನಿ ಹೊರಡಿಸುವ ಹಳೆಯ ಸೌಂಡ್ ಕಾರ್ಡು ಒಂದು ಗೇಣುದ್ದ. ಹೊಸದರಲ್ಲಿ ಅದಕ್ಕೆ ಕೂರಲು ಜಾಗವೇ ಇರಲಿಲ್ಲ. ಇದಕ್ಕೊಂದು ದಾರಿ ಉಂಟೆಂದು ಅಕ್ಕನಿಗೆ ಗೊತ್ತಿತ್ತು. ಹೊಸ ಯಂತ್ರದೊಳಗೇ ಹಳೆಯ ಯಂತ್ರದ ವೇಷ ಹಾಕಿ ಕೂರುವ ಪ್ರೋಗ್ರಾಮುಗಳಿವೆ. ಡಾಸ್ ಅದರೊಳಗೆ ಕೂತು ತಾನಿನ್ನೂ ತನ್ನ ಕಾಲದಲ್ಲೇ ಇದ್ದೇನೆಂದು ನಂಬಿ ನೆಮ್ಮದಿಯಾಗಿರುತ್ತದೆ. ಇಲ್ಲದ ಸೌಂಡ್ ಕಾರ್ಡನ್ನು ಇದೆಯೆಂದು ತೋರಿಸುವುದೂ ಆ ವೇಷದ ಭಾಗವೇ. ಅಕ್ಕ ವೇಷ ಹಾಕಿಸಿದಳು. ಪ್ರೋಗ್ರಾಂ ಎದ್ದಿತು. ಸದ್ದಿಲ್ಲ.

ಬುಧವಾರ ಮಧ್ಯಾಹ್ನದವರೆಗೂ ಸದ್ದಿಲ್ಲ. ಪ್ರೋಗ್ರಾಂ ಬರೆದವನನ್ನು ಬೈದಳು, ವೇಷದ ಪ್ರೋಗ್ರಾಮನ್ನು ಬೈದಳು, ಮುದ್ರಣಾಲಯದಲ್ಲಿ ಹಿಂದೆ ಯಾರೋ ಕೈಯಾಡಿಸಿ ಕೆಡಿಸಿರಬೇಕೆಂದು ಆ ಯಾರನ್ನೋ ಸಹ ಬೈದಳು. ಕೊನೆಗೆ ಹಳೆಯ ಪೆಟ್ಟಿಗೆಯ ಮುಚ್ಚಳ ತೆಗೆದು ಒಳಗೆ ಟಾರ್ಚು ಬಿಟ್ಟಾಗ, ತಗಡಿಗೆ ಅಂಟಿದ ಹಳದಿ ಚೀಟಿಯೊಂದು ಕಾಣಿಸಿತು. "೭ ಬೇಡ, ೫ ಇರಲಿ. ಪ್ರಿಂಟರ್ ಜತೆ ಜಗಳ." ಅಕ್ಷರ ಅವಳದೇ.

ನೆನಪಾಯಿತು. ಕಂಪ್ಯೂಟರಿನೊಳಗಿನ ಪ್ರತಿ ಭಾಗಕ್ಕೂ ಯಜಮಾನನನ್ನು ಕರೆಯಲು ಒಂದೊಂದು ಗಂಟೆ ಇರುತ್ತದೆ, ಗಂಟೆಗೊಂದು ಅಂಕಿ. ಆ ಹಳೆಯ ಕಂಪ್ಯೂಟರು ಹೊಸದಾಗಿದ್ದಾಗ ಸೌಂಡ್ ಕಾರ್ಡೂ ಪ್ರಿಂಟರೂ ಏಳನೇ ಗಂಟೆಯನ್ನೇ ಬಾರಿಸಿ ಕಿತ್ತಾಡುತ್ತಿದ್ದವು. ಅವಳೇ ಹೋಗಿ ಕಾರ್ಡನ್ನು ಐದಕ್ಕೆ ಬದಲಾಯಿಸಿ, ಪ್ರೋಗ್ರಾಮಿಗೂ ಐದೆಂದು ಹೇಳಿ ಬಂದಿದ್ದಳು. ಪಾಪ, ಅದು ಇಷ್ಟು ವರ್ಷವೂ ಐದನೇ ಗಂಟೆಗೇ ಕಿವಿಗೊಟ್ಟು ಕೂತಿತ್ತು; ವೇಷದ ಕಾರ್ಡು ನಿನ್ನೆಯಿಂದ ಏಳನ್ನು ಬಾರಿಸುತ್ತಿತ್ತು.

"ಬೈದಿದ್ದೆಲ್ಲ ವಾಪಸ್ ತಗೊಂಡೆ," ಎಂದು ಚೀಟಿಗೆ ಹೇಳಿ ಅಂಕಿ ಬದಲಾಯಿಸಿದಳು.

ದನಿ ಬಂತು, ಆದರೆ ತಗಡಿನ ಮೇಲೆ ಕಾಳು ಸುರಿದ ಹಾಗೆ ಬಂತು. ಹೊಸ ಯಂತ್ರಕ್ಕೆ ಅವಸರ ಹೆಚ್ಚು. ಗುರುವಾರ ಚುಕ್ಕೆ ಅಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡು ವೇಗ ಇಳಿಸಿದಳು.

"ಇನ್ನೂ ನಿಧಾನ. ಇನ್ನೂ. ಅಯ್ಯೋ, ಇಷ್ಟು ನಿಧಾನ ಆದ್ರೆ ನಾನು ನಿದ್ದೆ ಹೋಗ್ತೀನಿ. ಸ್ವಲ್ಪ ಮೇಲೆ. ಹಾಂ, ಅಲ್ಲೇ ಬಿಡು." ತಲೆ ವಾರೆ ಮಾಡಿ ಒಂದು ಸಾಲು ಕೇಳಿದ. "ಸರಿ ಇದೆ. ಏನೋ ಹೊಸ ಚಪ್ಪಲಿ ಹಾಕ್ಕೊಂಡ ಹಾಗಿದೆ. ರೂಢಿ ಆಗುತ್ತೆ ಬಿಡು."

ಅಕ್ಕ ಒಳಗೊಳಗೇ ಹಿಗ್ಗಿದಳು. ಅವನಿಗೆ ಹೇಳದೆ ಒಂದು ಉಪಕಾರವನ್ನೂ ಮಾಡಿದ್ದಳು. ಹಳೆಯ ಸ್ಪೀಕರಿನ ಕಾಗದದ ಬಟ್ಟಲು ಅಂಚಿನಲ್ಲಿ ಒಂದಂಗುಲ ಹರಿದಿತ್ತು. ನೋಡಿದೊಡನೆ ಅದನ್ನು ಕಳಚಿ ಹೊಸದನ್ನು ಕೂರಿಸಿದ್ದಳು. ದರ್ಜಿ ಕೇಳದೆಯೇ ಸಡಿಲ ಗುಂಡಿಗೆ ಎರಡು ಹೊಲಿಗೆ ಹಾಕಿಕೊಡುವ ಹಾಗೆ.

ಶುಕ್ರವಾರ ಬೆಳಿಗ್ಗೆ ಮುದ್ರಣಾಲಯದ ಉದ್ದನೆಯ ಕೋಣೆಯಲ್ಲಿ ಪರೀಕ್ಷೆ. ಮೇಲ್ವಿಚಾರಕ ಕೆಟ್ಟವನಲ್ಲ; ಶಾಲೆಗಳು ತೆರೆಯುವುದರೊಳಗೆ ಪಠ್ಯಪುಸ್ತಕ ತಲುಪಬೇಕೆಂಬುದೇ ಅವನ ಚಿಂತೆ.

"ಈಗ ಮಾತಾಡೋ ಸಾಫ್ಟ್‌ವೇರ್‌ಗಳೇ ಇದಾವಲ್ಲ," ಎಂದ ಅಕ್ಕನಿಗೆ.

"ಅವು ಪದ ಓದ್ತವೆ ಸಾರ್. ಅಣ್ಣ ಕೇಳೋದು ಚುಕ್ಕೆನ."

ಟೈಪಿಸ್ಟ್ ಹೆಂಗಸು ಒಂದು ಪಾಠದಲ್ಲಿ ಬೇಕೆಂದೇ ಹತ್ತು ತಪ್ಪು ಬೆರೆಸಿದ್ದಳು. ಚುಕ್ಕೆ ಅಣ್ಣ ಕೇಳಿದ. ಕೈ ಆರು ಸಲ ಎದ್ದಿತು. ಪಾಠ ಮುಗಿಯಿತು.

ಟೈಪಿಸ್ಟ್ ಪೆನ್ಸಿಲನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ಆ ಸದ್ದಿನಿಂದಲೇ ಅವನಿಗೆ ಏನೋ ತಪ್ಪಿದೆಯೆಂದು ಗೊತ್ತಾಯಿತು.

"ಎಷ್ಟು ಬಿಟ್ಟೆ?"

"ನಾಲ್ಕು," ಎಂದಳು ಟೈಪಿಸ್ಟ್, ತಾನೇ ತಪ್ಪು ಮಾಡಿದವಳ ಹಾಗೆ.

"ನಿಮ್ಮ ತಪ್ಪಲ್ಲ ಇದು," ಮೇಲ್ವಿಚಾರಕ ಮೆಲ್ಲಗೆ ಹೇಳಿದ. "ಯಂತ್ರ ಬದಲಾಯ್ತು, ವಯಸ್ಸೂ ಆಯ್ತು. ಸೋಮವಾರದಿಂದ ಬೈಂಡಿಂಗ್‌ನಲ್ಲಿ ಕೂತ್ಕೊಳ್ಳಿ. ಕಿಟಕಿ ಪಕ್ಕ ಜಾಗ ಕೊಡಿಸ್ತೀನಿ."

"ಕಿಟಕಿ," ಎಂದ ಚುಕ್ಕೆ ಅಣ್ಣ. "ಬೀದಿ ಚೆನ್ನಾಗಿ ಕಾಣುತ್ತಾ ಅಲ್ಲಿಂದ?"

ಅಕ್ಕ ಟೈಪಿಸ್ಟಿನ ಹಾಳೆ ಎಳೆದುಕೊಂಡು ಬಿಟ್ಟುಹೋದ ನಾಲ್ಕನ್ನೂ ನೋಡಿದಳು. 'ಲ' ಇರಬೇಕಾದಲ್ಲಿ 'ಕ' ಎರಡು ಕಡೆ. ಹಾಲು ಕುಡಿ ಎನ್ನುವಲ್ಲಿ ಹಾಕು ಕುಡಿ ಎಂದಾಗಿತ್ತು. ಉಳಿದೆರಡರಲ್ಲಿ ಬೇರೆ ಅಕ್ಷರ. ಅಕ್ಷರ ಯಾವುದಾದರೇನು, ನಾಲ್ಕರಲ್ಲೂ ಬಿದ್ದುಹೋದದ್ದು ಒಂದೇ ಚುಕ್ಕೆ, ಎರಡನೆಯದು.

"ಅಣ್ಣಾ, ಎರಡನೇ ಚುಕ್ಕೆನ ಹೇಗೆ ಗುರುತು ಹಿಡೀತಿದ್ದೆ?"

"ಅದನ್ನ ಹಿಡಿಯೋದೇನು ಬಂತು? ಅದು ಗೊರಕೆ ಹೊಡೀತಿತ್ತಲ್ಲ."

"ಗೊರಕೆ?"

"ಗರ್ರ್ ಅಂತ. ಆರು ಜನ ಮಲಗಿರೋ ಕೋಣೇಲಿ ಒಬ್ಬ ಗೊರಕೆಯವನಿದ್ದ ಹಾಗೆ. ಅವನಿದಾನೋ ಇಲ್ವೋ ಅಂತ ಎದ್ದು ನೋಡ್ಬೇಕಾ? ಈಗ ಅವನೂ ಸಭ್ಯಸ್ಥ ಆಗ್ಬಿಟ್ಟಿದಾನೆ. ಒಂದು, ಮೂರರ ಮಧ್ಯೆ ಎಲ್ಲೋ ಅಡಗಿ ಕೂತಿರ್ತಾನೆ."

ಅಕ್ಕನಿಗೆ ತಾನು ಕಳಚಿಟ್ಟ ಹಳೆಯ ಸ್ಪೀಕರು ನೆನಪಾಯಿತು. ಒಂದಂಗುಲದ ಬಿರುಕು. ಆ ಒಂದು ಸ್ವರಕ್ಕೆ ಮಾತ್ರ ಹರಿದ ಅಂಚು ಅದುರುತ್ತಿತ್ತು. ಹದಿನೆಂಟು ವರ್ಷ ಅವನು ಓದಿದ್ದು ಆ ಬಿರುಕನ್ನು ಹಿಡಿದುಕೊಂಡು. ಅವಳು ಅದನ್ನು ಕಣ್ಣಿಂದ ನೋಡಿದಳು, ಕಣ್ಣಿಂದಲೇ ತೀರ್ಪು ಕೊಟ್ಟು ಕಳಚಿದಳು.

"ಸಾರ್, ಒಂದು ಗಂಟೆ ಕೊಡಿ," ಎಂದಳು. "ತಪ್ಪು ಅಣ್ಣಂದಲ್ಲ, ನಂದು. ಒಂದೇ ಗಂಟೆ."

ಕಳಚಿದ ಭಾಗವನ್ನು ಒಂದು ವರ್ಷ ಎಸೆಯದೆ ಡಬ್ಬಿಯಲ್ಲಿಡುವುದು ಅವಳ ರೂಢಿ. ಡಬ್ಬಿ ಇತ್ತು, ಅದಕ್ಕೆ ಕಟ್ಟಿದ ಚೀಟಿಯೂ ಇತ್ತು. ಸ್ಪೀಕರು ಮಾತ್ರ ಇರಲಿಲ್ಲ. ಹುಡುಕುತ್ತ ಮನೆಗೆ ಓಡಿದಳು; ಅದು ಸಿಕ್ಕಿದ್ದು ಅಲ್ಲಿ, ಅಡುಗೆಕೋಣೆಯ ರೇಡಿಯೊದೊಳಗೆ. ಬಸ್ಸು ಓಡಿಸುವ ಗಂಡ, ಅಂದು ರಜೆಯವನು, ಅದರ ಮುಂದೆ ಕೂತು ಬಟಾಣಿ ಸುಲಿಯುತ್ತ ಪಂದ್ಯದ ವಿವರಣೆ ಕೇಳುತ್ತಿದ್ದ.

"ಯಾರನ್ನ ಕೇಳಿ ತಂದ್ರಿ ಇದನ್ನ?"

"ಹರಿದದ್ದು ನಿನ್ನ ಅಂಗಡೀಲಿ ಕಸ ತಾನೇ. ನಮ್ಮನೇಲಿ ಚೆನ್ನಾಗೇ ಹಾಡ್ತಿದೆ." ಅವಳು ಆಗಲೇ ಸ್ಕ್ರೂ ಬಿಚ್ಚುತ್ತಿದ್ದಳು. "ಲೇ, ಇನ್ನೆರಡೇ ನಿಮಿಷ ಇದೆ ಪಂದ್ಯ."

ತಂತಿ ಕಳಚಿಕೊಂಡಿತು. ರೇಡಿಯೊ ಅರ್ಧ ಪದದಲ್ಲಿ ನಿಂತಿತು.

"ಗೆದ್ದಿದ್ದು ಯಾರು ಅಂತ ಪಕ್ಕದ ಮನೇಲಿ ಕೇಳ್ಕೊಳ್ಳಿ," ಎಂದು ಅವನ ತಲೆಗೂದಲು ಕೆದರಿ ಹೊರಟಳು.

ಸ್ಪೀಕರನ್ನು ಬಟ್ಟೆಯಲ್ಲಿ ಸುತ್ತಿ, ಎಳೆಗೂಸಿನ ಹಾಗೆ ಎದೆಗವಚಿಕೊಂಡು ಮುದ್ರಣಾಲಯದವರೆಗೂ ನಡೆದಳು. ಬಿರುಕು ಒಂದು ನೂಲಿನಷ್ಟೂ ಬೆಳೆಯಬಾರದು. ಹರಿದದ್ದನ್ನು ಹರಿದ ಹಾಗೇ ಕಾಪಾಡುವುದು ಅವಳಿಗೆ ಹೊಸ ಕೆಲಸ. ಕಾಲು ಕಲ್ಲಿಗೆ ತಾಗಿದಾಗಲೆಲ್ಲ ನಿಂತು ಬಟ್ಟೆ ಸರಿಸಿ ನೋಡಿದಳು.

ಮೇಲ್ವಿಚಾರಕ ಈ ಸಲ ತಾನೇ ಟೈಪಿಸ್ಟಿನ ಪಕ್ಕ ಕೂತು ಹೊಸ ಪಾಠದಲ್ಲಿ ಹತ್ತು ತಪ್ಪು ಹಾಕಿಸಿದ, ಐದು ಎರಡನೇ ಚುಕ್ಕೆಯವೇ. ಅಕ್ಕ ತಂತಿ ಸೇರಿಸಿದಳು. ಮೊದಲ ಸಾಲು ಮೊಳಗಿತು. ನಡುನಡುವೆ ಗರ್ರ್ ಎಂಬ ಸಣ್ಣ ಅದುರು.

"ಬಂದ್ಯೇನೋ," ಎಂದ ಚುಕ್ಕೆ ಅಣ್ಣ ಸ್ಪೀಕರಿಗೆ.

ಕೋಲನ್ನು ಕುರ್ಚಿಗೆ ಒರಗಿಸಿದ. ಕೈ ಎದ್ದಿತು, ಇಳಿಯಿತು, ಎದ್ದಿತು. ಟೈಪಿಸ್ಟ್ ತುಟಿಯಲ್ಲೇ ಎಣಿಸುತ್ತಿದ್ದಳು. ಪಾಠ ಮುಗಿದಾಗ ಅವಳ ಮುಖ ಸಪ್ಪಗಾಗಿತ್ತು.

"ಹನ್ನೊಂದು ಸಲ ಕೈ ಎತ್ತಿದ್ರು," ಎಂದಳು.

"ನಾವು ಹಾಕಿದ್ದು ಹತ್ತೇ," ಎಂದ ಮೇಲ್ವಿಚಾರಕ.

"ಕೊನೆಯ ಸಾಲಿನ ಮೂರನೇ ಪದ ನೋಡಮ್ಮ," ಎಂದ ಚುಕ್ಕೆ ಅಣ್ಣ. "ಅದು ನೀನು ಬೇಕು ಅಂತ ಹಾಕಿದ್ದಲ್ಲ."

ಅವಳು ನೋಡಿದಳು. ನಾಲಿಗೆ ಕಚ್ಚಿಕೊಂಡಳು. ಮೇಲ್ವಿಚಾರಕ ಜೋರಾಗಿ ನಕ್ಕ. ಸೋಮವಾರದ ಮೊದಲ ಪಠ್ಯದ ಕಟ್ಟನ್ನು ಪರದೆ ನೋಡುವವರ ಮೇಜಿನಿಂದ ಎತ್ತಿ ತಂದು ಚುಕ್ಕೆ ಅಣ್ಣನ ಕೈಕೆಳಗೆ ಇಟ್ಟ. "ನಿಮ್ಮ ಜಾಗ ನಿಮ್ಮದೇ. ಆದ್ರೆ ಒಂದು ಮಾತು," ಎಂದ ಅಕ್ಕನ ಕಡೆ ತಿರುಗಿ, "ಕಾಗದ ಹರಿದಿದೆ, ಇನ್ನೆಷ್ಟು ದಿನ ಬಾಳುತ್ತೆ? ಇದೂ ಹೋದ್ರೆ?"

ಅಕ್ಕ ಸ್ಪೀಕರನ್ನು ನೋಡುತ್ತ ನಿಂತಿದ್ದಳು. ಅಂಚಿನಿಂದ ಒಳಕ್ಕೆ ಒಂದಂಗುಲ, ಕೊನೆಯಲ್ಲಿ ಸ್ವಲ್ಪ ಎಡಕ್ಕೆ ವಾಲಿದ ಗೆರೆ. ಅಂಗಡಿಯ ಮೇಲಿನ ಅಟ್ಟದಲ್ಲಿ ಇದೇ ಅಳತೆಯ ಸ್ಪೀಕರುಗಳು ಮೂರಿದ್ದವು. ಒಂದೂ ಹರಿದಿರಲಿಲ್ಲ.

"ಇನ್ನೊಂದನ್ನ ಹರೀಬಹುದು," ಎಂದಳು. "ಅಣ್ಣನ ಕಿವಿ ಒಪ್ಪೋವರೆಗೆ ಹರೀಬಹುದು."

"ಬ್ಲೇಡ್ ಮುಟ್ಟಿಸ್ಬೇಡ ಮತ್ತೆ," ಚುಕ್ಕೆ ಅಣ್ಣ ಅವಳ ದನಿಯ ಕಡೆ ಮುಖ ತಿರುಗಿಸಿದ. "ಕತ್ತರಿಸಿದ್ದು ಬೇರೆ, ಹರಿದದ್ದು ಬೇರೆ. ಬೆರಳಲ್ಲೇ ಹರೀಬೇಕು. ಮೊದ್ಲು ಸ್ವಲ್ಪ ಹರಿದು ನನ್ನ ಕರಿ, ನಾನು ಕೇಳ್ತೀನಿ, ಆಮೇಲೆ ಇನ್ನೊಂದು ಚೂರು. ಆತುರ ಪಟ್ರೆ ಗೊರಕೆ ಹೋಗಿ ಕೆಮ್ಮಾಗುತ್ತೆ. ಇನ್ನೊಂದು ವಿಷಯ, ಅಂಚಿನ ಅಂಟು ಇದೆಯಲ್ಲ..."

ಅವನು ಹೇಳುತ್ತಲೇ ಇದ್ದ. ಅಕ್ಕ ಆಗಲೇ ಬಾಗಿಲು ದಾಟಿ, ಹೆಬ್ಬೆರಳು ತೋರುಬೆರಳುಗಳನ್ನು ಒಂದಕ್ಕೊಂದು ಉಜ್ಜಿಕೊಳ್ಳುತ್ತ, ಬೀದಿಯ ಬಿಸಿಲಿಗೆ ಇಳಿದಿದ್ದಳು.