ನನ್ನ ವೈವಾಕ್ಕೆ ಬಂದ ಸಾರಥಿ

ನನ್ನ ಗೈಡ್ ಓದುತ್ತಿದ್ದುದು ಕಡಿಮೆ, ಉದ್ಘಾಟಿಸುತ್ತಿದ್ದುದು ಜಾಸ್ತಿ. ದಾವಣಗೆರೆಯಲ್ಲಿ ಯಾವ ವಿಚಾರ ಸಂಕಿರಣದ ದೀಪ ಹಚ್ಚುವುದಕ್ಕೂ ಆತನ ಕೈಯೇ ಬೇಕು. ಅಂಥವನ ಕೈಕೆಳಗೆ ಐದು ವರ್ಷ, ನಾನೂರು ವರ್ಷ ಹಳೆಯದಾದ ಇಂಗ್ಲಿಷ್ ದುರಂತ ನಾಟಕವೊಂದರ ಮೇಲೆ ಪಿಎಚ್‌ಡಿ ಮಾಡಿದೆ. ಆ ನಾಟಕದಲ್ಲಿ ಗರ್ವ, ದುರಾಸೆ, ಹೊಟ್ಟೆಕಿಚ್ಚು ಎಲ್ಲ ಮನುಷ್ಯರ ವೇಷದಲ್ಲಿ ಒಂದೊಂದಾಗಿ ರಂಗಕ್ಕೆ ಬಂದು ತಮ್ಮ ಹೆಸರು ಹೇಳಿಕೊಳ್ಳುತ್ತವೆ. ಅದು ನಾಟಕಕಾರನ ಸ್ವಂತ ಬುದ್ಧಿಯಲ್ಲ, ಅದಕ್ಕೂ ಮುಂಚೆ ಅಲ್ಲಿಯ ಜನ ಊರೂರಲ್ಲಿ ಆಡುತ್ತಿದ್ದ ನೀತಿ ನಾಟಕಗಳ ಪದ್ಧತಿ. ನನ್ನ ಪ್ರಬಂಧದ ವಿಷಯ ಇಷ್ಟೇ.

ನನಗೆ ಈ ಪದ್ಧತಿ ಹೊಸದೇನಲ್ಲ. ಹರಿಹರ ತಾಲ್ಲೂಕಿನ ಕೊಕ್ಕನೂರಲ್ಲಿ ನಮ್ಮಪ್ಪ ಬೇಸಾಯಗಾರ, ಜೊತೆಗೆ ಬಯಲಾಟದ ಸಾರಥಿ. ಅಂದರೆ ದೇವರ ವೇಷ ಬರಲಿ ರಾಕ್ಷಸನ ವೇಷ ಬರಲಿ, ತಡೆದು ನಿಲ್ಲಿಸಿ, ತಾವು ದಾರು, ಬಂದ ಕಾರಣವೇನು ಎಂದು ಕೇಳುವವನು. ಹೆಸರು ಹೇಳದೆ ಯಾವ ವೇಷವೂ ಒಂದು ಹೆಜ್ಜೆ ಕುಣಿಯುವಂತಿಲ್ಲ. ಎರಡನ್ನೂ ಹೋಲಿಸಿ ಒಂದು ಅಧ್ಯಾಯ ಬರೆದೆ. ಗೈಡ್ ಎರಡು ಪುಟ ತಿರುವಿ, ಇಂಗ್ಲಿಷ್ ವಿಭಾಗಕ್ಕೆ ಹಳ್ಳಿ ಕುಣಿತ ತರಬೇಡ, ಪರೀಕ್ಷಕರು ನಗುತ್ತಾರೆ ಎಂದ. ಹಿತ್ತಲ ಗಿಡ ಮದ್ದಲ್ಲವಲ್ಲ. ಪದವಿ ಕೈತಪ್ಪೀತೆಂಬ ಹೆದರಿಕೆಗೆ ಇಡೀ ಅಧ್ಯಾಯ ಕಿತ್ತುಹಾಕಿದೆ. ಅದಕ್ಕಾಗಿ ಮೂರು ಭಾನುವಾರ ಕೂತು ಹೇಳಿದ್ದ ಅಪ್ಪನಿಗೆ ತಿಳಿಸಲಿಲ್ಲ.

ವೈವಾ, ಅಂದರೆ ಎಲ್ಲರೆದುರು ನಡೆಯುವ ಮೌಖಿಕ ಪರೀಕ್ಷೆಯ ದಿನ ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದು ಕೊನೆಯ ಸಾಲಿನಲ್ಲಿ ಕೂತ. ಮುಂದಿನ ಸಾಲುಗಳಲ್ಲಿ ಗೈಡಿನ ಉಳಿದ ಶಿಷ್ಯರು. ಆಕಳಿಸುವುದಕ್ಕೆ, ಸಮೋಸಾ ತಿನ್ನುವುದಕ್ಕೆ ಬಿಟ್ಟರೆ ಬಾಯಿ ತೆರೆಯದ ಜನ. ಗೈಡ್ ನನ್ನನ್ನು ಪರಿಚಯಿಸುವ ನೆಪದಲ್ಲಿ ತನ್ನನ್ನೇ ಪರಿಚಯಿಸಿಕೊಂಡ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಮಾತ್ರ ಪ್ರಬಂಧ ಓದಿದ್ದರು. ನಾಟಕದ ಆ ಗರ್ವ, ದುರಾಸೆಗಳು ತಮ್ಮ ಹೆಸರನ್ನು ತಾವೇ ಯಾಕೆ ಹೇಳಬೇಕು, ವೇಷ ನೋಡಿದರೆ ಜನಕ್ಕೆ ಗೊತ್ತಾಗುವುದಿಲ್ಲವೇ ಎಂದು ಕೇಳಿದರು. ನಾನು ಮೂವರು ವಿದೇಶಿ ವಿಮರ್ಶಕರ ಹೆಸರು ಒದರಿದೆ. ಅವರಿಗೆ ಸಮಾಧಾನವಾಗಲಿಲ್ಲ. ಅದೇ ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿ, ಸಭೆಯಲ್ಲಿ ಯಾರು ಬೇಕಾದರೂ ಮಾತಾಡಬಹುದು ಎಂದರು.

ಅಪ್ಪ ಎದ್ದು ನಿಂತ.

"ಜನಕ್ಕೆ ಗೊತ್ತಿರತೈತ್ರಿ ಸರ್. ಅವರಿಗೆ ಅಂತ ಕೇಳಾದಲ್ಲ. ಬಂದೋನು ತಾನು ಯಾರು ಅಂತ ತನ್ನ ಬಾಯಿಂದ ತಾನೇ ಒಪ್ಕೋಬೇಕು. ಒಪ್ಕೊಂಡ ಮ್ಯಾಲೆ ಆಟ ಮುಗಿಯೋತನಕ ಅವ ತಪ್ಪಿಸ್ಕೊಳ್ಳಂಗಿಲ್ಲ."

ಐದು ವರ್ಷದಲ್ಲಿ ನಾನು ಅಂಥದ್ದೊಂದು ವಾಕ್ಯ ಬರೆದಿರಲಿಲ್ಲ. ಪರೀಕ್ಷಕರು ಪೆನ್ನು ತೆಗೆದು ಬರೆದುಕೊಳ್ಳತೊಡಗಿದರು. ಗೈಡಿನ ಮುಖ ಹುಳ್ಳಗಾಯಿತು.

"ಯಜಮಾನ್ರೇ, ಇದು ನಿಮ್ಮೂರ ಕಟ್ಟೆ ಅಲ್ರಿ, ಕೂಡ್ರಿ," ಎಂದವನು ನನ್ನ ಕಡೆ ತಿರುಗಿ, ಯಾರಮ್ಮ ಇವರು ಎಂದು ಕೇಳಿದ.

ಪದವಿಯ ವರದಿಗೆ ಆತನ ಸಹಿ ಇನ್ನೂ ಬಿದ್ದಿರಲಿಲ್ಲ. "ನಮ್ಮೂರಿನವರು ಸರ್," ಎಂದೆ.

ಅಪ್ಪ ಕೂತ. ಗೈಡ್ ಸಹಿ ಹಾಕಿದ, ನನಗೆ ತಂದಿದ್ದ ಹಾರವನ್ನೂ ತಾನೇ ಹಾಕಿಸಿಕೊಂಡ. ಆ ದೀಪ ಹಚ್ಚುವವನನ್ನು ನಾನು ಐದು ವರ್ಷ ಮನಸ್ಸಿನಲ್ಲೇ ಉಗಿದಿದ್ದೆ. ಆದರೆ ಆತ ತನ್ನ ಅಪ್ಪನನ್ನಂತೂ ಅಲ್ಲಗಳೆದಿರಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಹರಿಹರದ ಬಸ್ಸಿನಲ್ಲಿ ಅಪ್ಪ ವಿಭಾಗದವರು ನನಗೆ ಕೊಟ್ಟಿದ್ದ ಬೊಕೆಯನ್ನು ಬಾಡದಂತೆ ತೊಡೆಯ ಮೇಲೆ ಇಟ್ಟುಕೊಂಡಿದ್ದ. ಹೆದರಿಕೆಗೆ ಹಂಗೆ ಅಂದುಬಿಟ್ಟೆ ಅಪ್ಪ ಎಂದೆ. ಅಳುವೂ ಬಂತು. ಕಿಟಕಿಯಾಚೆ ನೋಡುತ್ತಿದ್ದವನು ನನ್ನ ಕಡೆ ತಿರುಗಿದ.

"ಯಾಕ ಅಳ್ತಿ? ಸುಳ್ಳೇನು ಹೇಳಿಲ್ಲ ಬಿಡವ್ವ. ನಾನು ನಿಮ್ಮೂರಿನವನೇ."