ಕಂಪ್ಯೂಟರಿನ ಜ್ವರ ನೋಡಿದವನು

"ತಡೀರಣ್ಣ, ಅದೇ ಹೇಳ್ತದೆ" ಎನ್ನುವುದು ನೀಲಗಿರಿಯ ಕೋತಗಿರಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ ಮೈಸೂರು ಕಡೆಯವನೊಬ್ಬನ ಮಾತು. ಗಿರಾಕಿ ಎಷ್ಟೇ ಅವಸರ ಮಾಡಲಿ, ಆತ ಮೊದಲು ಕೈಕಟ್ಟಿ, ಕಣ್ಣು ಮುಚ್ಚಿ ಯಂತ್ರದ ಸದ್ದು ಕೇಳುತ್ತಿದ್ದ.

ಇತ್ತಲಾರಿನ ನಮ್ಮ ಮನೆಗೂ ಒಮ್ಮೆ ಬಂದ. ತೀರಿಹೋದ ಅವ್ವ ಹಾಡಿದ್ದ, ತಂಗಿ ರೆಕಾರ್ಡ್ ಮಾಡಿಕೊಂಡಿದ್ದ ಮದುವೆ ಹಾಡು ನನ್ನ ಕಂಪ್ಯೂಟರಿನಲ್ಲಿತ್ತು. ತಂಗಿಯ ಮಗಳ ಮದುವೆಯಲ್ಲಿ ಅದನ್ನು ಕೇಳಿಸಬೇಕೆಂದಿದ್ದೆ. ಆದರೆ ಹಾಡು ಶುರುವಾದ ಸ್ವಲ್ಪ ಹೊತ್ತಿಗೆ ದನಿ ತುಂಡುತುಂಡಾಗುತ್ತಿತ್ತು, ಮೌಸಿನ ಬಾಣವೂ ತಡವರಿಸುತ್ತಿತ್ತು. ಸ್ಪೀಕರ್ ಬದಲಿಸಿದೆ, ಮೌಸ್ ಬದಲಿಸಿದೆ. ಕೊನೆಗೆ ಹಾಡೇ ಕೆಟ್ಟಿದೆಯೆಂದು ಕೈಚೆಲ್ಲಿದ್ದೆ.

"ಎರಡೂ ಒಟ್ಟಿಗೇ ಮುಗ್ಗರಿಸ್ತಾವಲ್ಲ, ಹಾಡು ಕೆಟ್ಟಿಲ್ಲ ಬುಡಿ" ಎಂದ. ಮೇಜಿನ ಕೆಳಗೆ ಬಗ್ಗಿ, ಮಗುವಿನ ಜ್ವರ ನೋಡುವಂತೆ ಕೈಯ ಹಿಂಬದಿಯನ್ನು ಸಿಪಿಯುಗೆ ಒತ್ತಿದ. "ಸುಡ್ತಾ ಅದೆ. ಇದ್ಯಾರು ಹೊದಿಸಿದ್ದು?"

ನಾನೇ. ಮಂಜಿನ ಥಂಡಿ ಒಳಗಿಳಿಯದಿರಲೆಂದು ಅವ್ವನ ಉಣ್ಣೆ ಶಾಲನ್ನು ಸುತ್ತಿದ್ದೆ. ನಮ್ಮ ಮನೆಯಲ್ಲಿ ರೇಡಿಯೋಗೂ ಹೊದಿಕೆ ಇತ್ತು.

ಆತ ನಗಲಿಲ್ಲ. ಶಾಲು ಬಿಚ್ಚಿ, ಫ್ಯಾನಿಗೆ ಸುತ್ತಿಕೊಂಡಿದ್ದ ಉಣ್ಣೆಯ ಎಳೆಗಳನ್ನು ಬ್ರಷ್ಷಿನಿಂದ ತೆಗೆದ. "ಉಸಿರು ಕಟ್ಟಿತ್ತು, ಅಷ್ಟೇಯ." ಸ್ವಲ್ಪ ಆರಲು ಬಿಟ್ಟು ಹಾಡು ಹಾಕಿದ. ಅವ್ವ ಕೊನೆಯ ಸಾಲಿನವರೆಗೂ ಎಲ್ಲೂ ತಡೆಯದೆ ಹಾಡಿದಳು, ಆಮೇಲೆ ಕೆಮ್ಮಿ, "ಸಾಕಾ?" ಎಂದಿದ್ದೂ ಕೇಳಿಸಿತು. ಅಷ್ಟು ದೂರ ನಾನು ಅದುವರೆಗೆ ಕೇಳಿರಲೇ ಇಲ್ಲ.

ಆತ ಶಾಲನ್ನು ಕೊಡವಿ, ಮಡಚಿ, ನನ್ನ ಹೆಗಲ ಮೇಲಿಟ್ಟ. "ಚಳಿ ಆಗೋದು ನಿಮಗಣ್ಣ, ಅದಕ್ಕಲ್ಲ."