ಗಿನಿ ಪಿಗ್ಗಿನ ಕಲ್ಲು, ಅತ್ತೆಯ ಶುಕ್ರವಾರ

2004ರ ಮಾತು. ನಾವು ಹನುಮಂತನಗರದ ಹಳೇ ಬಾಡಿಗೆ ಮನೆ ಬಿಟ್ಟು ಜೆ.ಪಿ. ನಗರದಲ್ಲಿ, ಸಾರಕ್ಕಿಗೆ ಹತ್ತಿರದ ಒಂದು ಅಪಾರ್ಟ್‌ಮೆಂಟಿಗೆ ಬಂದು ವರ್ಷವಾಗಿತ್ತು. ಮನೆಯಲ್ಲಿ ನಾನು, ನಮ್ಮ ಯಜಮಾನರು, ಐದನೇ ಕ್ಲಾಸಿನ ಮಗಳು ಅನು, ನಮ್ಮತ್ತೆ. ಜೊತೆಗೆ ಬೋಂಡಾ. ಬೋಂಡಾ ಅಂದರೆ ಅನು ಹುಟ್ಟುಹಬ್ಬಕ್ಕೆಂದು ಹಠ ಮಾಡಿ ತರಿಸಿಕೊಂಡ ಗಿನಿ ಪಿಗ್. ಮೊಲಕ್ಕಿಂತ ಚಿಕ್ಕದು, ಇಲಿಗಿಂತ ಎಷ್ಟೋ ದೊಡ್ಡದು, ಬಾಲವೇ ಇಲ್ಲದ ಕಂದುಬಣ್ಣದ ಗುಂಡು ಪ್ರಾಣಿ. ಫ್ರಿಜ್ಜಿನ ಬಾಗಿಲು ತೆಗೆದ ಸದ್ದಾದರೆ ಸಾಕು, ವೀಕ್ ವೀಕ್ ಎಂದು ಮನೆಯೆಲ್ಲ ಎಬ್ಬಿಸುತ್ತಿತ್ತು. ಅದನ್ನು ತರುವುದು ಬೇಡವೇ ಬೇಡ ಎಂದು ಕೂಗಾಡಿದವಳು ನಾನು. ಆಮೇಲೆ ಅದನ್ನು ಮಡಿಲಲ್ಲಿಟ್ಟುಕೊಂಡು ಧಾರಾವಾಹಿ ನೋಡುತ್ತಿದ್ದವಳೂ ನಾನೇ.

ಒಂದು ಭಾನುವಾರ ಅದರ ಗೂಡಿನ ಪೇಪರ್ ಬದಲಿಸುವಾಗ ಕೆಂಪು ಕಲೆ ಕಂಡಿತು. "ಬೀಟ್‌ರೂಟ್ ತಿಂದಿರತ್ತೆ ಬಿಡೇ," ಎಂದರು ಯಜಮಾನರು. ಆದರೆ ಸಂಜೆ ಅದು ಬೆನ್ನು ಗೂನು ಮಾಡಿಕೊಂಡು ಮೂಲೆಗೆ ಸೇರಿ, ಉಚ್ಚೆ ಹೊಯ್ಯುವಾಗ ಮಗುವಿನ ಹಾಗೆ ಅತ್ತಿತು. ಬೆಳಿಗ್ಗೆಯೇ ಬುಟ್ಟಿಯಲ್ಲಿ ಟವೆಲ್ ಹಾಸಿ ಹತ್ತಿರದ ಪ್ರಾಣಿ ಡಾಕ್ಟರ ಬಳಿ ಒಯ್ದೆ. ಅವರು ಬಾಯಿಗೆ ಬಿಡುವ ಔಷಧಿ ಬರೆದುಕೊಟ್ಟರು. ಒಂದು ವಾರದಲ್ಲಿ ವಾಸಿಯಾಯಿತು. ಮುಂದಿನ ತಿಂಗಳು ಮತ್ತೆ ಅದೇ ಕಲೆ, ಅದೇ ಅಳು. ಮತ್ತೆ ಔಷಧಿ, ಮತ್ತೆ ವಾಸಿ, ಮತ್ತೆ ಕಲೆ.

ಮೂರನೆಯ ಸಲ ಹೋದಾಗ ಆ ಡಾಕ್ಟರು ನಕ್ಕುಬಿಟ್ಟರು. "ಮೇಡಂ, ಇಷ್ಟು ಒದ್ದಾಡೋ ಬದಲು ಇಂಥದ್ದೇ ಇನ್ನೊಂದು ತಗೊಂಡ್ಬಿಡಿ. ಮಗೂಗೆ ವ್ಯತ್ಯಾಸಾನೇ ಗೊತ್ತಾಗಲ್ಲ."

ನನಗೆ ಉರಿದುಹೋಯಿತು. "ನಿಮ್ಮನೇಲಿ ಯಾರಿಗಾದ್ರೂ ಹುಷಾರು ತಪ್ಪಿದ್ರೆ ಇನ್ನೊಬ್ಬರನ್ನ ತಂದ್ಬಿಡ್ತೀರಾ ಡಾಕ್ಟ್ರೇ?" ಎಂದು ಕೇಳಿ ಬುಟ್ಟಿ ಎತ್ತಿಕೊಂಡು ಹೊರಟೆ. ಮೆಟ್ಟಿಲ ಬಳಿ ಸಿಕ್ಕ ಕೆಳಗಿನ ಮನೆಯ ಆಂಟಿ ಬೇರೆ, "ಅಯ್ಯೋ, ಇದಕ್ಕೂ ಆಸ್ಪತ್ರೇನಾ? ನಮ್ಮನೇಲಿ ಇಲಿಗೆ ಬೋನಿಡ್ತೀವಪ್ಪ!" ಎಂದು ಕಿಸಕ್ಕನೆ ನಕ್ಕರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತಾರಲ್ಲ, ಹಾಗಾಯಿತು. ನಗುವವರು ನಗಲಿ, ಇದನ್ನು ಉಳಿಸಿಯೇ ಉಳಿಸುತ್ತೇನೆ ಎಂದು ಅವತ್ತು ಹಟ ಹಿಡಿದೆ.

ಆಫೀಸಿನಲ್ಲಿ ಸಿಕ್ಕಸಿಕ್ಕವರನ್ನೆಲ್ಲ ವಿಚಾರಿಸಿ ಜಯನಗರದಲ್ಲಿ ಒಬ್ಬ ಲೇಡಿ ಡಾಕ್ಟರನ್ನು ಹುಡುಕಿದೆ. ಚಿಕ್ಕ ವಯಸ್ಸಿನವರು. ಎಕ್ಸ್‌ರೇ ತೆಗೆದು ತೋರಿಸಿದರು. ಬೋಂಡಾನ ಮೂತ್ರಕೋಶದಲ್ಲಿ ಜೋಳದ ಕಾಳಿನಷ್ಟು ದಪ್ಪದ ಬಿಳಿ ಚುಕ್ಕೆ. ಕಲ್ಲು!

"ಆಪರೇಷನ್ನೇ ಆಗಬೇಕು. ನಾನು ಮೊಲಗಳಿಗೆ ಮಾಡಿದೀನಿ, ಗಿನಿ ಪಿಗ್‌ಗೆ ಮಾಡಿಲ್ಲ. ಉಳಿಯತ್ತೆ ಅಂತ ಮಾತು ಕೊಡಕ್ಕಾಗಲ್ಲ," ಎಂದರು. ಸುಳ್ಳು ಧೈರ್ಯ ಹೇಳದ ಆಕೆಯ ಮೇಲೆ ನನಗೆ ನಂಬಿಕೆ ಬಂತು. "ಮಾಡಿ ಡಾಕ್ಟ್ರೇ," ಎಂದೆ.

ಬೋಂಡಾ ಉಳಿಯಿತು. ಸೂಜಿಯಿಲ್ಲದ ಸಿರಿಂಜಿನಲ್ಲಿ ಗಂಜಿಯಂತೆ ಕಲಸಿದ ಆಹಾರ ಕುಡಿಸಿ ಸಾಕಿದೆವು. ಡಾಕ್ಟರು ಹೇಳಿದಂತೆ ಪಾಲಕ್ ನಿಲ್ಲಿಸಿದೆ. ಬೋರ್‌ವೆಲ್ ನೀರು ಬಿಟ್ಟು ಕಾವೇರಿ ನೀರು ಕಾಯಿಸಿ ಆರಿಸಿ ಇಟ್ಟೆ. ಹುಲ್ಲು, ಸೌತೆಕಾಯಿ, ಚೂರು ನೆಲ್ಲಿಕಾಯಿ, ಅಷ್ಟೇ. ಅನುಗೆ ಕೊಡುವ ಬಿಸ್ಕತ್ತಿನ ಚೂರು ಕೂಡ ಬೋಂಡಾನ ಬಾಯಿಗೆ ಹೋಗದಂತೆ ಕಾವಲು ಕಾದೆ. ಇಷ್ಟೆಲ್ಲ ಮಾಡಿಯೂ ಆರು ತಿಂಗಳಾಗುವುದರೊಳಗೆ ಮತ್ತೆ ಕೆಂಪು ಕಲೆ. ಪೇಪರ್ ಕೈಯಲ್ಲಿ ಹಿಡಿದುಕೊಂಡು ಬಾಲ್ಕನಿಯಲ್ಲಿ ಕೂತು ಅತ್ತುಬಿಟ್ಟೆ.

ಎರಡನೆಯ ಆಪರೇಷನ್‌ಗೆ ನಮ್ಮತ್ತೆಯೂ ಬಂದರು. ಯಜಮಾನರು ಊರಲ್ಲಿರಲಿಲ್ಲ, ಅನುಗೆ ಪರೀಕ್ಷೆ. ಮಂಡಿನೋವಿನಿಂದ ಮನೆಯ ಮೆಟ್ಟಿಲು ಇಳಿಯುವುದೇ ಅವರಿಗೆ ಕಷ್ಟ. ಆದರೂ "ಆಟೋದಲ್ಲಿ ಬುಟ್ಟಿ ಅಲ್ಲಾಡದ ಹಾಗೆ ಹಿಡ್ಕೋತೀನಿ ನಡಿ," ಎಂದು ಹೊರಟರು. ಆಪರೇಷನ್ ಮುಗಿಸಿ ಹೊರಗೆ ಬಂದ ಡಾಕ್ಟರ ಮುಖ ಬಾಡಿತ್ತು.

"ಈ ಸಲ ಉಳ್ಕೊಂಡಿದೆ. ಮೂರನೇ ಸಲ ಆದ್ರೆ ನಾನು ಕೈ ಹಾಕಲ್ಲ, ಇದರ ಮೈ ತಡೆಯಲ್ಲ. ಇಷ್ಟು ಬೇಗ ಕಲ್ಲು ಬೆಳೀಬೇಕಾದ್ರೆ ಏನೋ ತಿಂತಿದೆ. ನಿಜ ಹೇಳಿ, ಏನು ಕೊಡ್ತೀರಾ?"

ನಾನು ಹುಲ್ಲು, ಸೌತೆಕಾಯಿ, ನೆಲ್ಲಿಕಾಯಿ ಎಂದು ಪಾಠದಂತೆ ಒಪ್ಪಿಸಿದೆ. ಪಕ್ಕದಲ್ಲಿ ಕೂತಿದ್ದ ಅತ್ತೆ ಸೆರಗಿನ ತುದಿ ಹಿಂಡುತ್ತಾ ಮೆಲ್ಲಗೆ, "ಶುಕ್ರವಾರ ಒಂದು ಕಟ್ಟು ಅಗಸೆ ಸೊಪ್ಪು ತಿನ್ನಿಸ್ತೀನಿ ಡಾಕ್ಟ್ರೇ. ಹಸುಗೆ ಕೊಡ್ತಿದ್ದೆ. ಈಗ ಹಸು ಹತ್ರ ಹೋಗಕ್ಕಾಗಲ್ವಲ್ಲ, ಅದಕ್ಕೆ ಇದಕ್ಕೆ ಕೊಡ್ತೀನಿ," ಎಂದರು.

ಕೆದಕಿ ಕೇಳಿದಾಗ ಎಲ್ಲ ಹೊರಬಂತು. ನಾನು ಆಫೀಸಿಗೆ ಹೋದ ಮೇಲೆ ಹೂವಿನವಳ ಕೈಲಿ ಸೊಪ್ಪು ತರಿಸಿ, ಅರಿಶಿನ ಕುಂಕುಮ ಹಚ್ಚಿ, ನಮ್ಮ ಬೋಂಡಾನನ್ನೇ ಗೋಮಾತೆ ಮಾಡಿಬಿಟ್ಟಿದ್ದರು!

"ಅಜ್ಜಿ, ಅಗಸೆ ಸೊಪ್ಪಲ್ಲಿ ಕ್ಯಾಲ್ಸಿಯಂ ಜಾಸ್ತಿ. ಹಾಲು ಕರೆಯೋ ಹಸುಗೆ ಒಳ್ಳೇದು. ಈ ಪ್ರಾಣೀಲಿ ಅದೇ ಕಲ್ಲು ಕಟ್ಟತ್ತೆ," ಎಂದರು ಡಾಕ್ಟರು. ಅತ್ತೆಯ ಮುಖ ಬಿಳಿಚಿಕೊಂಡಿತು.

ಮನೆಗೆ ಬಂದ ಮೇಲೆ ನಾನು ಸುಮ್ಮನಿರಲಿಲ್ಲ. "ಗೊತ್ತಿಲ್ದೆ ಆಗಿದ್ದು ಆಯ್ತು. ಇನ್ಮೇಲೆ ನಿಲ್ಲಿಸ್ಬಿಡಿ ಅತ್ತೆ," ಎಂದೆ.

"ಇದಕ್ಕೆ ಕೊಡಲ್ಲ ಕಣೇ, ಆಣೆಗೂ ಕೊಡಲ್ಲ. ಆದ್ರೆ ಶುಕ್ರವಾರ ನಿಲ್ಲಿಸಕ್ಕಾಗಲ್ಲ. ಹರಕೆ ಅದು."

"ಏನು ಹರಕೆ? ಯಾವಾಗ ಹೇಳ್ಕೊಂಡ್ರಿ?"

"ಅದನ್ನೆಲ್ಲ ಬಾಯಿಬಿಟ್ಟು ಹೇಳ್ಬಾರ್ದು," ಎಂದವರೇ ಗಳಗಳ ಅತ್ತುಬಿಟ್ಟರು. ನಾವಿಬ್ಬರೂ ಸಾರಿನ ಉಪ್ಪಿನಿಂದ ಹಿಡಿದು ಟಿ.ವಿ. ಸೌಂಡಿನವರೆಗೆ ದಿನಕ್ಕೊಂದು ವಿಷಯಕ್ಕೆ ಕಿತ್ತಾಡಿದವರೇ. ಅವರು ಹಾಗೆ ಅತ್ತಿದ್ದನ್ನು ನಾನು ನೋಡಿರಲಿಲ್ಲ. ಸಿಟ್ಟು ಅರ್ಧ ಇಳಿಯಿತು, ಹಟ ಇಳಿಯಲಿಲ್ಲ. ಹರಕೆ ನಿಲ್ಲದಿದ್ದರೆ ಹಸುವಿಗೇ ಹೋಗಲಿ. "ಹೋಗ್ಲಿ ಬಿಡಿ, ನಾನೇ ಹೋಗಿ ಕೊಟ್ಟು ಬರ್ತೀನಿ. ಎಲ್ಲಿ ಅಂತ ಹೇಳಿ," ಎಂದೆ.

"ನೀನಾ?" ಎಂದು ನನ್ನ ಮುಖವನ್ನೇ ನೋಡಿದರು. ಆಮೇಲೆ ಮೂಗು ಒರೆಸಿಕೊಂಡು, "ಹನುಮಂತನಗರದ ಗುಡ್ಡದ ದೇವಸ್ಥಾನ ಇದೆಯಲ್ಲ, ಕೆಳಗೆ ಮೆಟ್ಟಿಲ ಹತ್ರ ಜಯಮ್ಮ ಅಂತ ಹಸು ಕಟ್ಕೊಂಡು ಕೂತಿರ್ತಾಳೆ. ಸೊಪ್ಪೂ ಅವಳ ಹತ್ರಾನೇ ಸಿಗತ್ತೆ," ಎಂದರು.

ಆ ಶುಕ್ರವಾರ ಆಫೀಸಿಗೆ ತಡವಾಗಿ ಬರುತ್ತೇನೆಂದು ಹೇಳಿ, ಒಂದು ಬಸ್ಸು ಇಳಿದು ಇನ್ನೊಂದು ಹತ್ತಿ, ಗೊಣಗುತ್ತಲೇ ಹೋದೆ. ಜಯಮ್ಮ ಸಿಕ್ಕಳು. ಕೆಂಪು ಹಸು, ಪಕ್ಕದಲ್ಲಿ ಸೊಪ್ಪಿನ ರಾಶಿ. ಅತ್ತೆಯ ಹೆಸರು ಹೇಳಿದೆ.

"ಸಾವಿತ್ರಮ್ಮನೋರಾ? ಎಷ್ಟು ದಿನ ಆಯ್ತು ನೋಡಿ! ಚೆನ್ನಾಗವ್ರಾ? ನೀವು ಮಗಳಾ?"

"ಸೊಸೆ."

"ಅವ್ರಿಗೆ ಎಷ್ಟು ಜನ ಸೊಸೇರು?"

"ನಾನೊಬ್ಳೇ."

ಜಯಮ್ಮ ಕೈಯಲ್ಲಿದ್ದ ಕಟ್ಟು ಕೆಳಗಿಟ್ಟು ಎದ್ದು ನಿಂತಳು. "ಹಂಗಾದ್ರೆ ಆಸ್ಪತ್ರೇಲಿ ಗ್ಯಾನ ಇಲ್ದೆ ಮಲಗಿದ್ದೋರು ನೀವೇಯಾ! ನನ್ ಸೊಸೆ ಎದ್ದು ಮನೆಗೆ ಬಂದ್ರೆ ಸಾಯೋಗಂಟ ಶುಕ್ರವಾರ ತಪ್ಪಿಸಲ್ಲ ಅಂತ ಇದರ ಕೊರಳು ಹಿಡ್ಕೊಂಡು ಅತ್ತಿದ್ರು ಕಣವ್ವಾ. ಈಗ ಹುಸಾರಾಗಿದೀರಾ?"

ಅದಕ್ಕೆ ನಾಲ್ಕು ವರ್ಷ ಹಿಂದೆ ನನಗೆ ಮೆದುಳು ಜ್ವರ ಬಂದಿತ್ತು. ಎಷ್ಟೋ ದಿನ ಪ್ರಜ್ಞೆಯಿರಲಿಲ್ಲ. ಡಾಕ್ಟರು ಉಳಿಸಿದ್ದು ಗೊತ್ತಿತ್ತು, ಯಜಮಾನರು ಓಡಾಡಿದ್ದು ಗೊತ್ತಿತ್ತು. ಇದು ಗೊತ್ತಿರಲಿಲ್ಲ. ಹರಕೆ ನಿಂತರೆ ನನಗೇ ಮತ್ತೆ ಏನಾದರೂ ಆದೀತೆಂಬ ಹೆದರಿಕೆಯಲ್ಲಿ, ಬೇರೆ ದಾರಿ ಕಾಣದೆ, ಆಕೆ ಆ ಸೊಪ್ಪನ್ನು ಬೋಂಡಾನ ಬಾಯಿಗೆ ಇಟ್ಟಿದ್ದರು. "ಹುಷಾರಾಗಿದೀನಮ್ಮ," ಎಂದೆ. ಹಸುವಿಗೆ ಸೊಪ್ಪು ಕೊಡುವಾಗ ಕಣ್ಣು ಮಂಜಾಗಿ ಏನೂ ಕಾಣುತ್ತಿರಲಿಲ್ಲ.

ಆಫೀಸಿಗೆ ಹೋಗದೆ ಸೀದಾ ಮನೆಗೆ ಬಂದೆ. ಅತ್ತೆ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು.

"ತಿಂತಾ?"

"ಎಲ್ಲಾ ತಿಂತು ಅತ್ತೆ."

"ಜಯಮ್ಮ ಏನಾದ್ರೂ ಅಂದ್ಲಾ?"

"ನೀವು ಚೆನ್ನಾಗಿದೀರಾ ಅಂತ ಕೇಳಿದ್ಲು," ಎಂದೆ. ಬಾಯಿಬಿಟ್ಟು ಹೇಳಬಾರದು ಎಂದಿದ್ದರಲ್ಲ, ಅವರ ಮಾತು ಅವರಿಗೇ ಇರಲಿ ಎನಿಸಿತು.

ಅಲ್ಲಿಂದಾಚೆ ಪ್ರತಿ ಶುಕ್ರವಾರ ನಾನೇ ಹೋಗಿ ಜಯಮ್ಮನ ಹಸುವಿಗೆ ಸೊಪ್ಪು ಕೊಟ್ಟು ಬರುತ್ತಿದ್ದೆ. ಬೋಂಡಾಗೆ ಮತ್ತೆ ಕಲ್ಲಾಗಲಿಲ್ಲ. ಇನ್ನೂ ಮೂರು ವರ್ಷ ಫ್ರಿಜ್ಜಿನ ಸದ್ದಿಗೆ ಕೂಗುತ್ತಾ ಬದುಕಿ, ವಯಸ್ಸಾಗಿ ಹೋಯಿತು. ಅದಾದ ಎರಡು ವರ್ಷಕ್ಕೆ ಅತ್ತೆಯೂ ಹೋದರು. ಅವರು ಹೇಳಿಕೊಂಡಿದ್ದ ಹರಕೆ ಅಲ್ಲಿಗೆ ಮುಗಿಯಿತು ಎಂದು ಯಜಮಾನರು ಅಂದರು. ನಾನು ದೇವರು ದಿಂಡರನ್ನು ಅಷ್ಟಾಗಿ ನಂಬುವವಳೂ ಅಲ್ಲ. ಆದರೂ ಹದಿಮೂರನೆಯ ದಿನದ ಶಾಸ್ತ್ರ ಮುಗಿದ ಮೇಲಿನ ಮೊದಲ ಶುಕ್ರವಾರ ಬೆಳಿಗ್ಗೆ ಬಸ್ ಹತ್ತಿದ್ದೆ. ಇವತ್ತಿಗೂ ಹತ್ತುತ್ತೇನೆ. ನನಗೋಸ್ಕರ ಒಬ್ಬರು ಅಷ್ಟು ಹೆದರಿದ್ದರು ಎಂಬುದನ್ನು ವಾರಕ್ಕೊಮ್ಮೆಯಾದರೂ ನೆನೆಸಿಕೊಳ್ಳದಿದ್ದರೆ ನನಗೆ ಸಮಾಧಾನವಾಗುವುದಿಲ್ಲ.